ಅಡಿವೆಯ್ಯ ಐಗಳು ಬರೆದ ಕುಂಟ ಆಡಿನ ಕತೆ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೆ ಬಂದಿರದ ಕಾಲದಲ್ಲಿ, ಒಂದು ಊರಿತ್ತಂತೆ. ಯಾವ ಊರು ಎಂದು ಬಾಯಿ ತೆಗೆಯಬೇಡಿ. ನೀವು ಕಾಲು ಚಾಚಿ ಕೂತಿದ್ದೀರಲ್ಲ, ಇದೇ ಊರು. ಆಗಲೂ ಹಳ್ಳ ಅಲ್ಲೇ ಹರಿಯುತ್ತಿತ್ತಂತೆ, ಆಗಲೂ ಮನೆಗೆ ಹತ್ತು ಆಡು, ಅವುಗಳ ಹಿಂದೆ ಒಂದು ಕೂಸು. ನಾಳೆ ಐಗಳ ದಿನ ಅಲ್ಲವೆ? ಹಿಂದಿನ ದಿನ ನಮ್ಮ ಮನೆಯ ಹೆಂಗಸು ಈ ಕತೆ ಹೇಳಬೇಕು, ಊರು ಕೇಳಬೇಕು. ನನಗೆ ಹೇಗೆ ಹೇಳಿದರೋ ಹಾಗೇ ಹೇಳುತ್ತೇನೆ. ನಡುವೆ ಹೂಂ ಅನ್ನುತ್ತಿರಿ. ಹೂಂ ಅನ್ನದವರಿಗೆ ಕತೆ ಹೇಳುವುದು ನನ್ನಿಂದಾಗದು.

ಆ ಊರಿಗೆ ಒಬ್ಬ ಐಗಳು ಬಂದರಂತೆ. ಮಕ್ಕಳಿಗೆ ಅಕ್ಷರ ಕಲಿಸುವವರನ್ನು ಆಗ ಐಗಳು ಎನ್ನುತ್ತಿದ್ದರು. ಹೆಸರು ಅಡಿವೆಯ್ಯ. ಗುಡ್ಡದ ಕಡೆಯಿಂದ ಬಂದರು ಅನ್ನುವವರಿದ್ದಾರೆ, ಹಳ್ಳ ತುಂಬಿದ್ದಾಗ ನೀರಿನ ಮೇಲೆ ನಡೆದು ಬಂದರು ಅನ್ನುವವರೂ ಇದ್ದಾರೆ. ನೀರಿನ ಮೇಲೆ ನಡೆದದ್ದು ಸುಳ್ಳು. ತಲೆಯ ಮೇಲಿನ ಗಂಟು ನೆನೆಯಬಾರದೆಂದು, ಹಳ್ಳ ಇಳಿಯುವವರೆಗೆ ಮೂರು ದಿನ ಆಚೆ ದಂಡೆಯಲ್ಲೇ ಉಪವಾಸ ಕೂತಿದ್ದರಂತೆ, ಅದು ನಿಜ. ಗಂಟಿನಲ್ಲಿ ಬಟ್ಟೆಬರೆ ಇರಲಿಲ್ಲ, ಬರೀ ಕಡತಗಳು. ಕಡತ ಎಂದರೆ ಆ ಕಾಲದ ಪುಸ್ತಕ. ಬಟ್ಟೆಗೆ ಹುಣಸೆ ಬೀಜ ಅರೆದು ಕಾಸಿದ ಸರಿ, ಇದ್ದಿಲ ಪುಡಿ ಬಳಿದು, ಕರ್ರಗೆ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕಡೆ ಹಲಗೆ ಕಟ್ಟುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆದರೆ ಅಕ್ಷರ ಬೆಳ್ಳಗೆ ಏಳುತ್ತಿತ್ತು. ಬೇಡವಾದರೆ ಒದ್ದೆ ಅರಿವೆಯಿಂದ ಒರೆಸಿ ಮತ್ತೆ ಬರೆಯುವುದು.

ಅವರಿಗಿಂತ ಮುಂಚೆ ಇದ್ದ ಐಗಳು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರಂತೆ. ಒಬ್ಬ ಕೂಗುವುದು, ಮೂವತ್ತು ಮಂದಿ ಹಿಂದೆ ಕೂಗುವುದು. ಏನು ಕೂಗಿದೆವು ಎಂದು ಯಾರಿಗೂ ಗೊತ್ತಿಲ್ಲ. ತಪ್ಪಿದವನ ಕೈಗಳನ್ನು ತೊಲೆಯ ಹಗ್ಗಕ್ಕೆ ಕಟ್ಟಿ ಜೋತುಬಿಡುತ್ತಿದ್ದರು. ಅದಕ್ಕೆ ಕೋದಂಡ ಎಂದು ಹೆಸರು. ಅಡಿವೆಯ್ಯ ಐಗಳು ಮಠದ ಪಡಸಾಲೆಗೆ ಕಾಲಿಟ್ಟ ದಿನವೇ ಆ ಹಗ್ಗ ಬಿಚ್ಚಿ ಬಾವಿಯ ಕೊಡಕ್ಕೆ ಕಟ್ಟಿದರಂತೆ. ಊರವರಿಗೆ ಅದು ಸರಿಬರಲಿಲ್ಲ. ಹಗ್ಗವಿಲ್ಲದ ಐಗಳು ಎಂಥ ಐಗಳು ಎಂದರು. ಓದು ಒಕ್ಕಾಲು ಬುದ್ಧಿ ಮುಕ್ಕಾಲು, ಆಡು ಕಾಯುವವರಿಗೆ ಆ ಒಕ್ಕಾಲೂ ಯಾಕೆ ಎಂದರು. ಒಂದು ತಿಂಗಳು ಒಂದು ಮಗುವೂ ಬರಲಿಲ್ಲ. ಐಗಳು ದಿನಾ ಪಡಸಾಲೆ ಗುಡಿಸಿ, ಬರಿ ನೆಲದ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದರಂತೆ. ಒಂದು ನಾಯಿ ಬಂದು ಕೇಳುತ್ತಿತ್ತಂತೆ, ಆಮೇಲೆ ಅದು ಸುಳ್ಳು ಹೇಳುವವರನ್ನು ಕಂಡರೆ ಮಾತ್ರ ಬೊಗಳುತ್ತಿತ್ತಂತೆ. ಹಾಗಿದ್ದರೆ ಈ ಊರಲ್ಲಿ ಅದಕ್ಕೆ ನಿದ್ದೆಯೇ ಇರಲಿಲ್ಲ ಬಿಡಿ.

ಕೊನೆಗೆ ಐಗಳು ಒಂದು ಮಾತು ಆಡಿದರು. ಇಡೀ ಕತೆ ಕೆಟ್ಟದ್ದು ಆ ಒಂದು ಮಾತಿನಿಂದ. ಸೋಮವಾರ ಗುಡಿಯ ಮುಂದೆ ಊರೆಲ್ಲ ಸೇರಿದ್ದಾಗ, ಕಡತ ಎತ್ತಿ ಹಿಡಿದು ಹೇಳಿದರಂತೆ, "ಇದರಾಗ ದೇವರು ಅದಾನ್ರಪ್ಪ. ಮಕ್ಕಳನ್ನ ಕಳಸ್ರಿ, ನಾ ಕಾಣಸ್ತೀನಿ." ಮನಸ್ಸಿನಲ್ಲಿ ಕಪಟವಿರಲಿಲ್ಲ. ಹೇಗಾದರೂ ಮಕ್ಕಳು ಬರಲಿ ಎಂಬುದೊಂದೇ ಇತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನವೇ ಮೂವತ್ತು ಮಕ್ಕಳು ಬಂದರಂತೆ.

ಅವರು ಓದು ಕಲಿಸಿದ ಬಗೆ ಕೇಳಿ. ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸುವುದು ಎಲ್ಲರೂ ಮಾಡುವುದೇ, ಅವರೂ ಮಾಡಿದರು. ಆದರೆ ಹೊತ್ತು ಇಳಿಯುವಾಗ, ಮಕ್ಕಳನ್ನು ಮನೆಗೆ ಬಿಡುವ ಮುಂಚೆ, ಒಂದು ಕಡತ ಬಿಚ್ಚಿ, ತಾವೇ ಬರೆದ ಒಂದು ಕತೆ ಓದುತ್ತಿದ್ದರು. ಹಳ್ಳ ಎಲ್ಲಿ ಹುಟ್ಟುತ್ತದೆ ನೋಡಿಬರುತ್ತೇನೆ ಎಂದು ಹಿಂಡು ಬಿಟ್ಟು ಹೊರಟ ಒಂದು ಕುಂಟ ಆಡಿನ ಕತೆ. ಅದು ಹಳ್ಳದ ದಂಡೆ ಹಿಡಿದು ಮೇಲೆ ಮೇಲೆ ಹೋಗುವುದು, ದಿನಕ್ಕೊಂದು ಗಂಡಾಂತರ. ಆಡು ಒಂದು ಗವಿಯ ಬಾಯಿಗೆ ಬಂತು, ಒಳಗೆ ಕತ್ತಲೆ, ಆಡು ಕಿವಿ ನಿಮಿರಿಸಿತು, ಒಳಗೆ ಯಾರೋ ಕೆಮ್ಮಿದರು. ಅಷ್ಟಕ್ಕೆ ಐಗಳು ನಿಲ್ಲಿಸಿಬಿಡುತ್ತಿದ್ದರು. ಕಡತ ಮುಚ್ಚಿ, ಮಣೆಯ ಮೇಲಿಟ್ಟು, ಮುಂದಿನದು ಇದರಲ್ಲೇ ಇದೆ, ತಡೆಯಲಾರದವರು ಓದಿಕೊಳ್ಳಿ ಎಂದು ಹೇಳಿ, ಎದ್ದು ಹಳ್ಳದ ಕಡೆ ನಡೆದುಬಿಡುತ್ತಿದ್ದರಂತೆ.

ಯಾರು ಕೆಮ್ಮಿದರು? ಮಕ್ಕಳಿಗೆ ಅನ್ನ ನೀರು ಸೇರಲಿಲ್ಲವಂತೆ. ಕಡತದ ಸುತ್ತ ತಲೆಗೆ ತಲೆ ತಾಗಿಸಿ ಕೂತು, ಒಬ್ಬನಿಗೆ ಗೊತ್ತಿದ್ದ ಅಕ್ಷರ, ಇನ್ನೊಬ್ಬಳಿಗೆ ಗೊತ್ತಿದ್ದ ಅಕ್ಷರ, ಎಲ್ಲ ಕೂಡಿಸಿ ಕೂಡಿಸಿ ಕೊನೆಗೆ ಒಂದು ಶಬ್ದ ಮಾಡಿದರು. ಕರಡಿ. ಕೆಮ್ಮಿದ್ದು ಒಂದು ಮುದಿ ಕರಡಿ. ಅವತ್ತು ಮಕ್ಕಳು ಹಾಕಿದ ಕೂಗು ಹಳ್ಳದಾಚೆಯ ಊರಿಗೆ ಕೇಳಿ, ನಿಜವಾದ ಕರಡಿ ಬಂತೆಂದು ಅಲ್ಲಿಯವರು ಕೊಡಲಿ ಹಿಡಿದು ಓಡಿಬಂದರಂತೆ.

ಹನ್ನೊಂದು ದಿನದಲ್ಲಿ ಓದು ಕಲಿತ ಮಗು ಒಂದಿತ್ತು ಅನ್ನುತ್ತಾರೆ. ಮೂರೇ ದಿನ ಅನ್ನುವವರೂ ಇದ್ದಾರೆ. ಆ ಮಗು ನಮ್ಮ ಮನೆಯದು, ದ್ಯಾಮಣ್ಣನ ಮಗಳು ಪಾರವ್ವ. ಎಷ್ಟು ದಿನವೋ ನಾ ಕಾಣೆ, ಅವಳಂತೆ ಓದುವವರು ಮಾತ್ರ ಇರಲಿಲ್ಲವಂತೆ. ಹೆಣ್ಣು ಮಗು ಓದುತ್ತದೆಂದು ಯಾರೂ ತಕರಾರು ತೆಗೆಯಲಿಲ್ಲ. ದೇವರನ್ನು ನೋಡಲು ಗಂಡೇನು ಹೆಣ್ಣೇನು ಎಂದರು. ಮಕ್ಕಳು ಕಡತ ಹೊತ್ತು ಆಡಿನ ಹಿಂದೆ ಹೋದರು, ಬಂಡೆಯ ಮೇಲೆ ಕೂತು ಓದಿದರು, ಬೋರಲು ಮಲಗಿ ಓದಿದರು, ರೊಟ್ಟಿ ತಿಂದ ಕೈಯಲ್ಲೇ ಓದಿದರು. ಕಡತದ ಮೇಲೆ ಎಣ್ಣೆಯ ಬೆರಳು ಮೂಡಿದ್ದರೆ, ಇಲ್ಲಿ ಯಾರೋ ಉಂಡು ಹೋಗಿದ್ದಾರೆ ಎಂದು ಐಗಳು ನಗುತ್ತಿದ್ದರಂತೆ. ಇದೆಲ್ಲ ಎಷ್ಟು ಕಾಲ ನಡೆಯಿತು? ಎರಡು ಮಳೆಗಾಲ. ಈ ಊರು ಚೆನ್ನಾಗಿದ್ದದ್ದು ಎರಡೇ ಮಳೆಗಾಲ ಎಂದು ನಮ್ಮಜ್ಜಿ ಕತೆ ಇಲ್ಲಿಗೆ ಬಂದಾಗ ಕಣ್ಣೀರು ಹಾಕುತ್ತಿದ್ದಳು. ನನಗೆ ಕಣ್ಣೀರೂ ಬರುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಒಂದು ದಿನ ಮಕ್ಕಳು ಓದುತ್ತ ಮೈಮರೆತಿದ್ದಾಗ, ಒಂದು ಆಡು ಹಿಂದಿನಿಂದ ಬಂದು ಒಂದು ಕಡತವನ್ನು ಅಗಿದುಬಿಟ್ಟಿತಂತೆ. ಹುಣಸೆ ಬೀಜದ ಸರಿ ಅಲ್ಲವೆ, ರುಚಿ ಹತ್ತಿತು. ಆಡು ಮುಟ್ಟದ ಸೊಪ್ಪಿಲ್ಲ. ಅವತ್ತು ಕತೆಯನ್ನೂ ಮುಟ್ಟಿತು. ಐಗಳಿಗೆ ಅದು ದೊಡ್ಡದೆನಿಸಲಿಲ್ಲ, ಇನ್ನೊಂದು ಬರೆದರಾಯಿತು ಎಂದರು. ಆದರೆ ಅದೇ ವಾರ ಊರಿನ ಆಡುಗಳಿಗೆ ಬೇನೆ ಬಿತ್ತು. ಹಿಂಡು ಹಿಂಡೇ ಸತ್ತವು. ಕಡತದಲ್ಲಿ ದೇವರಿದ್ದಾನೆ ಎಂದು ಐಗಳೇ ಹೇಳಿದ್ದರಲ್ಲ. ಅಂಥ ದೇವರನ್ನು ಎಂಜಲು ಕೈಯಲ್ಲಿ ಮುಟ್ಟಿದೆವು, ಆಡಿನ ಬಾಯಿಗೆ ಕೊಟ್ಟೆವು, ಸುಮ್ಮನಿದ್ದಾನೆಯೇ ಎಂದರು ಜನ.

ಹಿರಿಯರು ಕೂಡಿದರು. ಮುಂದೆ ನಿಂತವನು ನಮ್ಮ ದ್ಯಾಮಣ್ಣ, ಪಾರವ್ವನ ಅಪ್ಪ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಭಕ್ತ ಅವನು, ಏನನ್ನುವುದು? ಮೊದಲು, ಜಳಕ ಮಾಡದೆ ಕಡತ ಮುಟ್ಟಬಾರದು ಎಂದರು. ಆಮೇಲೆ ಎಡಗೈ ತಾಗಬಾರದು ಎಂದರು. ಆಮೇಲೆ ನೆಲದ ಮೇಲೆ ಇಡಬಾರದು, ಮಲಗಿ ಓದಬಾರದು, ನಗುತ್ತ ಓದಬಾರದು. ಆಮೇಲೆ ಮಠದ ಗೋಡೆಯಲ್ಲಿ ಒಂದು ಗೂಡು ಕೊರೆಸಿ, ಬಾಗಿಲು ಇಡಿಸಿ, ಕಡತಗಳನ್ನು ಕೆಂಪು ಅರಿವೆಯಲ್ಲಿ ಸುತ್ತಿ ಒಳಗಿಟ್ಟರು. ವಾರಕ್ಕೊಮ್ಮೆ ಬಾಗಿಲು ತೆಗೆಯುತ್ತಿದ್ದರು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಬೀಗದ ಕೈ ನಮ್ಮ ಮನೆಯಲ್ಲಿ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಮ್ಮವನು.

ಐಗಳು ಎದೆ ಬಡಿದುಕೊಂಡರಂತೆ. ಮನೆ ಮನೆಗೆ ಹೋಗಿ, "ನಾ ಸುಳ್ಳ ಹೇಳೀನ್ರಪ್ಪ. ಅದರಾಗ ದೇವರಿಲ್ಲ, ಒಂದು ಕುಂಟ ಆಡು ಐತಿ, ಅಷ್ಟ. ಮಕ್ಕಳ ಕೈಯಾಗ ಕೊಡ್ರಿ" ಎಂದು ಕೈ ಮುಗಿದರಂತೆ. ಜನ ಅವರ ಕಾಲಿಗೇ ಬಿದ್ದರು. ಎಂಥ ದೊಡ್ಡವರು, ಎಷ್ಟು ತಗ್ಗಿ ಮಾತಾಡುತ್ತಾರೆ ನೋಡು ಎಂದರು. ಅವರು ಅತ್ತರೆ ಇವರೂ ಅತ್ತರು. ಅವರ ಪಾದ ತೊಳೆದ ನೀರು ಮಕ್ಕಳ ತಲೆಗೆ ಚಿಮುಕಿಸಿದರು. ಪುಸ್ತಕ ಬಿಡಿಸಿಕೊಡಿ ಎಂದು ಬಂದವರ ಕೊರಳಿಗೆ ಹೂವಿನ ಹಾರ ಹಾಕಿ ಕಳಿಸಿದರು. ಅಕ್ಷರ ಕಾಲಿಗೆ ತಾಗೀತೆಂದು ಹಿರಿಯರು ಮರಳಿನಲ್ಲಿ ತಿದ್ದಿಸುವುದನ್ನೂ ನಿಲ್ಲಿಸಿದರು, ಮಠದಲ್ಲಿ ಮತ್ತೆ ಬಾಯಿಪಾಠ ಶುರುವಾಯಿತು.

ಆಡಿನ ಕತೆ ಅಷ್ಟರಲ್ಲಿ ಮುಗಿದಿರಲಿಲ್ಲ. ಆಡು ಗುಡ್ಡದ ನೆತ್ತಿಗೆ ಬಂದು, ಕೊನೆಯ ಬಂಡೆಯ ಆಚೆ ನೀರಿನ ಸದ್ದು ಕೇಳಿ, ಹತ್ತಲಾರದೆ ನಿಂತಿತ್ತು. ಅದು ಹಾಗೆ ನಿಂತು ಮೂರು ವರ್ಷವಾಗಿತ್ತು. ಐಗಳ ಕಣ್ಣು ಹೋಗುತ್ತ ಬಂದಿತ್ತು. ಉಳಿದಿದ್ದ ಚೂರು ಬೆಳಕಿನಲ್ಲಿ ಅವರು ಕತೆಯ ಕೊನೆಯನ್ನು ಒಂದು ಹೊಸ ಕಡತದ ಮೇಲೆ ಬರೆದರಂತೆ. ಕಣ್ಣಿಗೆ ಕಾಣದೆ, ಒಂದೊಂದು ಅಕ್ಷರವನ್ನೂ ಅಂಗೈಯಗಲ ಬರೆದರಂತೆ. ಅವರಿಗಿದ್ದ ಆಸೆ ಒಂದೇ. ಸಾಯುವ ಮುಂಚೆ, ತಾವು ಕಲಿಸಿದ ಮಕ್ಕಳಲ್ಲಿ ಒಬ್ಬರಾದರೂ ಅದನ್ನು ಓದಿ ಮುಗಿಸುವುದನ್ನು ಕಿವಿಯಾರೆ ಕೇಳಬೇಕು.

ಕೋಲೂರುತ್ತ ನಮ್ಮ ಮನೆಗೆ ಬಂದರಂತೆ. ದ್ಯಾಮಣ್ಣ ಹೊಲದಲ್ಲಿದ್ದ. ಪಾರವ್ವ ರೊಟ್ಟಿ ಬಡಿಯುತ್ತಿದ್ದಳು. ಕಡತವನ್ನು ಅವಳ ಹಿಟ್ಟಿನ ಕೈಗೇ ಕೊಟ್ಟು, ಓದವ್ವ ಎಂದರು. ಹುಡುಗಿ ಬಿಚ್ಚಿದಳು. ಮೂರು ವರ್ಷ ಅಕ್ಷರದ ಮುಖ ಕಂಡಿರಲಿಲ್ಲ. ಮೊದಲನೆಯದು ಗುರುತು ಸಿಕ್ಕಿತು, ಎರಡನೆಯದು ಸಿಕ್ಕಿತು, ಮೂರನೆಯದರ ಮೇಲೆ ಬೆರಳಿಟ್ಟು ಕೂತೇಬಿಟ್ಟಳು. ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು.

"ಅಜ್ಜಾರ, ನೀವ ಹೇಳಿಬಿಡ್ರಿ, ಆಡು ಹತ್ತಿತೋ ಇಲ್ಲೋ" ಎಂದು ಅತ್ತಳಂತೆ.

ಐಗಳು ತಲೆಯಲ್ಲಾಡಿಸಿದರು. "ನಾ ಹೇಳಿದ್ರ ಅದೂ ಬಾಯಿಪಾಠ ಆಕ್ಕೈತಿ ಯವ್ವಾ. ಇಟ್ಕೊ. ದಿನಾ ಒಂದೊಂದು ಅಕ್ಷರ ನೋಡು, ಬರತೈತಿ. ನಾ ಕಾಯ್ತೀನಿ."

ಸಂಜೆ ದ್ಯಾಮಣ್ಣ ಬಂದು, ಅಡಿಗೆಮನೆಯಲ್ಲಿ ಹಿಟ್ಟು ಮೆತ್ತಿದ ಕಡತ ಕಂಡನಂತೆ. ಕೆನ್ನೆ ಬಡಿದುಕೊಂಡು, ಮಡಿಯುಟ್ಟು, ಅದನ್ನೂ ಒಯ್ದು ಗೂಡಿನಲ್ಲಿಟ್ಟು ಬೀಗ ಹಾಕಿದ. ಪಾರವ್ವ ಅಪ್ಪನ ಕಾಲು ಹಿಡಿದಳು. ವರ್ಷದ ಪೂಜೆಯ ದಿನ ಬಾಗಿಲು ತೆಗೆಯುತ್ತೇವಲ್ಲ, ಆಗ ಕಣ್ತುಂಬ ನೋಡುವೆಯಂತೆ ಎಂದ. ಅವಳು ಒಲೆಯ ಬೂದಿಯಲ್ಲಿ, ನೆನಪಿದ್ದ ಅಕ್ಷರ ತಿದ್ದುತ್ತ ತಿಂಗಳುಗಳನ್ನು ತಳ್ಳಿದಳಂತೆ. ಒಂದೊಂದೇ ಮತ್ತೆ ಕೈಗೆ ಬಂದವಂತೆ. ಐಗಳು ದಿನಾ ನಮ್ಮ ಕಟ್ಟೆಗೆ ಬಂದು ಕೂತು, ಓದಿದೆಯೇನವ್ವ ಎಂದು ಕೇಳುತ್ತಿದ್ದರು. ಇಲ್ಲ ಅಜ್ಜಾರ ಎನ್ನುತ್ತಿದ್ದಳು. ಪೂಜೆಗೆ ಎಂಟು ದಿನ ಇದೆ ಎನ್ನುವಾಗ ಐಗಳು ಬರಲಿಲ್ಲ. ಮಠದ ಪಡಸಾಲೆಯಲ್ಲಿ, ಬಾಗಿಲ ಕಡೆ ಕಿವಿ ಮಾಡಿ ಕೂತವರು, ಕೂತ ಹಾಗೆಯೇ ಪ್ರಾಣ ಬಿಟ್ಟಿದ್ದರಂತೆ.

ಪೂಜೆಯ ದಿನ ಬಂತು. ಪಾರವ್ವ ತಲೆಗೆ ನೀರು ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಿಂತಳು. ದ್ಯಾಮಣ್ಣ ಬಾಗಿಲು ತೆಗೆದ. ಐಗಳು ಶಿವನ ಪಾದ ಸೇರಿದ ಮೇಲೆ ಇದೇ ಮೊದಲ ಪೂಜೆ, ಹೂವು ಹಾಕಿದರೆ ಸಾಲದು, ಅಭಿಷೇಕವಾಗಬೇಕು ಎಂದಿದ್ದರು ಹಿರಿಯರು. ಕಡತಗಳನ್ನೆಲ್ಲ ಬಿಚ್ಚಿ ದೊಡ್ಡ ಹರಿವಾಣದಲ್ಲಿಟ್ಟು, ಹಳ್ಳದಿಂದ ತಂದ ಹನ್ನೊಂದು ಕೊಡ ನೀರು ಸುರಿದರು. ಬಳಪದ ಅಕ್ಷರ, ತಡೆಯುತ್ತದೆಯೇ? ನೀರು ಹಾಲಿನ ಹಾಗೆ ಬೆಳ್ಳಗೆ ಇಳಿಯಿತು. ಪವಾಡ ಎಂದು ಊರು ಕೂಗಿತು. ಗವಿ, ಕರಡಿ, ಗುಡ್ಡ, ಕೊನೆಯ ಬಂಡೆ, ಬಂಡೆಯ ಆಚೆ ಇದ್ದದ್ದು, ಎಲ್ಲ ಹರಿವಾಣಕ್ಕೆ ಇಳಿಯಿತು. ಅದನ್ನು ತೀರ್ಥವೆಂದು ಬೊಗಸೆ ಬೊಗಸೆ ಕುಡಿದರು.

ಪಾರವ್ವ ಕಿರುಚಿದಳಂತೆ. ಬೇಡ ಬೇಡ ಎಂದು ಸುರಿಯುವ ನೀರಿಗೆ ಕೈ ಅಡ್ಡ ಇಟ್ಟಳು, ಮುಡಿ ಬಿಚ್ಚಿಹೋಯಿತು, ನೆಲಕ್ಕೆ ಬಿದ್ದು ಹೊರಳಿದಳು. ಮೈಮೇಲೆ ದೇವರು ಬಂತು ಎಂದರು ಜನ. ಹಣೆಗೆ ಭಂಡಾರ ಹಚ್ಚಿ, ಕಾಲಿಗೆ ಬಿದ್ದು, ಮಳೆ ಯಾವಾಗ ಬರುತ್ತದೆ ತಾಯೀ ಎಂದು ಕೇಳಿದರು. ಅವಳು ಆಮೇಲೆ ಬದುಕಿದ್ದಷ್ಟು ಕಾಲ, ಈ ಕತೆಯೊಂದನ್ನು ಬಿಟ್ಟರೆ, ಯಾರಿಗೂ ಏನೂ ಹೇಳಲಿಲ್ಲ. ಆಡು ಆ ಬಂಡೆ ಹತ್ತಿತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಹತ್ತಿರಬೇಕು ಬಿಡಜ್ಜಿ ಎಂದು ನಿಮ್ಮಲ್ಲಿ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ.

ಈಗಲೂ ಆ ದಿನ ನಡೆಸುತ್ತೇವೆ. ಐಗಳ ನೆನಪಿಗೆಂದು ಶಾಲೆಗೆ ಬೀಗ ಹಾಕಿಸಿ, ಮಕ್ಕಳಿಗೆ ಹೊಸ ಅಂಗಿ ತೊಡಿಸಿ ಮಠಕ್ಕೆ ಕರೆತರುತ್ತೀರಿ. ಅಕ್ಷರಕ್ಕೆ ಹಾಕುವ ವಯಸ್ಸಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬಲಗೈ ಬೆರಳು ಹಿಡಿದು, ಕರೀ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಎಳೆಯುತ್ತೀರಿ. ತುಟಿ ಅಲ್ಲಾಡಿಸು ಎನ್ನುತ್ತೀರಿ. ಕೂಸು ತುಟಿ ಅಲ್ಲಾಡಿಸುತ್ತದೆ. ಓದಾಯಿತು ಎಂದು ಗಂಟೆ ಬಾರಿಸುತ್ತೀರಿ. ನನಗೂ ಹಾಗೇ ಓದಿಸಿದರು. ಇವತ್ತಿಗೂ ನನ್ನ ಹೆಸರು ನನಗೆ ಬರೆಯಲು ಬರುವುದಿಲ್ಲ. ಬಟ್ಟೆ ಹರಿದರೆ ಹೊಸ ಬಟ್ಟೆಗೆ ಕಪ್ಪು ಬಳಿದು ಇಡುತ್ತೇವೆ. ಅದರ ಮೇಲೆ ಬರೆಯುವುದು ಮಾತ್ರ ಅಪಚಾರ.

ಹೋದ ವರ್ಷ ಒಂದು ಹೆಣ್ಣು ಕೂಸು ಬೆರಳು ಕಿತ್ತುಕೊಂಡಿತು. ಕಡತವನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಅಜ್ಜೀ, ಇದರಾಗ ಒಂದೂ ಅಕ್ಷರ ಇಲ್ಲಲ್ಲ" ಅಂದಿತು. ಎಷ್ಟೋ ತಲೆಮಾರಿನ ಮೇಲೆ ಈ ಊರಲ್ಲಿ ಒಂದು ಕೂಸು ಐಗಳ ಕಡತ ಬಿಚ್ಚಿ ಓದಲು ನೋಡಿತ್ತು. ನಾನು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ನಿಂತಿದ್ದೆ. ಹೌದವ್ವ, ಒಂದೂ ಅಕ್ಷರ ಇಲ್ಲ ಎನ್ನಬಹುದಿತ್ತು. ಊರು ನನ್ನ ಮುಖ ನೋಡುತ್ತಿತ್ತು. ನಾನು ಅಂಗೈಯಿಂದ ಅದರ ಬಾಯಿ ಮುಚ್ಚಿದೆ. ಆಮೇಲೆ ತಲೆ ಹಿಂದಕ್ಕೆ ಬಗ್ಗಿಸಿ ತೀರ್ಥ ಕುಡಿಸಿದೆ.