ಪೆಟ್ಟಿಗೆಯೊಳಗಿನ ಕುಂಬಳಕಾಯಿ

“ಹೊಟ್ಟೆಯೊಳಗೆ ಊರಿದೆ, ಊರಿಗೆ ಬಾಗಿಲಿಲ್ಲ. ಕರೆದರೆ ಓಡುತ್ತದೆ, ಕರೆಯದಿದ್ದರೆ ಅಳುತ್ತದೆ. ಅದಕ್ಕೆ ಬಾಲವಿಲ್ಲ, ಅದರ ನೆರಳಿಗಿದೆ. ಏನದು, ಬುದ್ಧಿ?”

ಬೋಳುಗುಡ್ಡದ ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದವನು ಅವರ ಹಳೆಯ ಶಿಷ್ಯ ಕೆಂಚಪ್ಪ. ಮಠದಲ್ಲಿ ಮೂರು ವರ್ಷ ಓದಿ, ಈಗ ಸಿನಿಮಾಗಳಿಗೆ ಚಿತ್ರಕತೆ ಬರೆದು ಬದುಕುತ್ತಿದ್ದ. ಗುರುಗಳು ಒಂದು ಕಾಯಿ ಸುಲಿದರು. ಇನ್ನೊಂದು ಸುಲಿದರು. ಮೂರನೆಯದರಲ್ಲಿ ಹುಳ ಇತ್ತು, ಎಸೆದರು.

“ಗೊತ್ತಿಲ್ಲಪ್ಪ” ಅಂದರು. “ನಿನಗೆ?”

“ನನಗೂ ಗೊತ್ತಿಲ್ಲ. ನಾಡಿನಲ್ಲಿ ಯಾರಿಗೂ ಗೊತ್ತಿಲ್ಲ. ಅದೇ ನನ್ನ ಕಷ್ಟ.”

ಕೆಂಚಪ್ಪ ಕಷ್ಟ ಬಿಚ್ಚಿದ. ಒಬ್ಬ ಲೇಖಕಿ ಒಂದು ಮಾಯಾಲೋಕದ ಕಾದಂಬರಿ ಬರೆದಿದ್ದಾರೆ. ಆರು ಸಂಪುಟ, ಒಂದೊಂದೂ ತಲೆದಿಂಬಿನಷ್ಟು ದಪ್ಪ. ಆರನೆಯದರ ಕೊನೆಯ ಪುಟದಲ್ಲಿ, ಕೊನೆಯ ಬಾಗಿಲಿಗೆ ಹಾಕಿದ ಬೀಗ ಬಾಯಿ ತೆರೆದು ಈ ಒಗಟು ಕೇಳುತ್ತದೆ. ಉತ್ತರ ಏಳನೆಯದರಲ್ಲಿ. ಏಳನೆಯದು ಎಲ್ಲಿ ಎಂದು ಕೇಳಿದರೆ ಲೇಖಕಿ ಆರು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದಾರೆ: ಬರೆಯುತ್ತಿದ್ದೇನೆ. ಅಷ್ಟರಲ್ಲಿ ಐದು ಸಂಪುಟಗಳು ಸಿನಿಮಾ ಆಗಿ ಓಡಿವೆ. ಆರನೆಯದರ ಚಿತ್ರೀಕರಣ ನಡೆದಿದೆ. ಬಾಗಿಲು ತೆರೆಯದೆ ಸಿನಿಮಾ ಮುಗಿಸಿದರೆ ಜನ ಪರದೆ ಹರಿಯುತ್ತಾರೆ, ಉತ್ತರ ನೀನೇ ಬರೆ ಎಂದು ನಿರ್ಮಾಪಕರು ಇವನ ಕುತ್ತಿಗೆಗೆ ಕಟ್ಟಿದ್ದಾರೆ.

“ಇನ್ನು ಹತ್ತು ದಿನಕ್ಕೆ ಕುಂಬಳಕಾಯಿ ಒಡೆಯಬೇಕು, ಬುದ್ಧಿ.”

“ಕುಂಬಳಕಾಯಿ ಯಾಕೆ?”

“ಚಿತ್ರೀಕರಣ ಮುಗಿದ ದಿನ ದೃಷ್ಟಿ ತೆಗೆದು ಒಡೆಯುವುದು ನಮ್ಮಲ್ಲಿ ರೂಢಿ. ಕಾಯಿ ಆಗಲೇ ತಂದಿಟ್ಟಿದ್ದಾರೆ. ಕಾಯಿ ಇದೆ, ಉತ್ತರ ಇಲ್ಲ.”

ಗುರುಗಳು ನಕ್ಕರು. ಕೆಂಚಪ್ಪ ನಗಲಿಲ್ಲ.

“ನನ್ನ ಮಗಳಿಗೆ ಆ ಆರೂ ಸಂಪುಟ ಬಾಯಿಪಾಠ. ನಾಯಕಿಯ ಚಪ್ಪಲಿಯ ಬಣ್ಣ ತಪ್ಪಿತೆಂದು ಮೂರನೆಯ ಸಿನಿಮಾ ಆದಮೇಲೆ ಒಂದು ವಾರ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ. ಉತ್ತರ ತಪ್ಪಾದರೆ ಮಾತೇ ಬಿಡುತ್ತೇನೆ ಅಂದಿದ್ದಾಳೆ. ಬಿಡುವವಳೇ ಅವಳು. ಈಗ ಹೇಳಿ, ಬುದ್ಧಿ. ಇನ್ನೊಬ್ಬರು ನಿಲ್ಲಿಸಿದ ಕತೆಯನ್ನು ನಾನು ಮುಗಿಸಬಹುದೇ, ಬಾರದೇ?”

ಗುರುಗಳು ಬುಟ್ಟಿಯನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು. ಕೇಳಿದವರಿಗೆ ಕೆಲಸ ಹಚ್ಚುವುದು ಅವರ ಹಳೆಯ ಚಾಳಿ. ಕೆಂಚಪ್ಪ ಸುಲಿಯತೊಡಗಿದ. ಗುರುಗಳು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಕುಂಬಾರನಿದ್ದ. ಅವನ ತಿಗರಿ ತಿರುಗಿದಷ್ಟು ಹೊತ್ತು ಅವನ ಬಾಯಲ್ಲಿ ಕತೆ ಬರುತ್ತಿತ್ತು. ತಿಗರಿ ನಿಂತರೆ ಕತೆಯೂ ನಿಂತಿತು. ಗಡಿಗೆಯ ಬಾಯಿ ಮುಗಿಯಿತೋ, ಇವನ ಬಾಯಿ ಮುಚ್ಚಿತು. ಮುಂದಿನದು ಬೇಕಾದರೆ ಇನ್ನೊಂದು ಗಡಿಗೆ ಮಾಡಿಸಬೇಕು.

ಜನ ಮಾಡಿಸಿದರು. ಹಣತೆ ಮಾಡಿಸಿದವನಿಗೆ ರಾಜಕುಮಾರಿ ಆಕಳಿಸುವಷ್ಟು ಕತೆ ಸಿಕ್ಕಿತು. ಗಡಿಗೆ ಮಾಡಿಸಿದವನಿಗೆ ಒಂದು ಯುದ್ಧ. ನೀರು ತುಂಬುವ ದೊಡ್ಡ ಹರವಿ ಮಾಡಿಸಿದವನಿಗೆ ಒಂದು ಯುದ್ಧ, ಒಂದು ಮದುವೆ, ಆ ಮದುವೆಮನೆಯಲ್ಲಿ ಇನ್ನೊಂದು ಯುದ್ಧ. ಅನ್ನ ಬೇಯುವುದು ಒಂದೇ ಗಡಿಗೆಯಲ್ಲಾದರೂ ಮನೆಮನೆಯಲ್ಲೂ ಇಪ್ಪತ್ತು ಗಡಿಗೆ ಬೋರಲು ಬಿದ್ದಿದ್ದವು. ಹೆಣ್ಣು ಕೊಡಲು ಬಂದವರು ಇದೇನು ಇಷ್ಟು ಗಡಿಗೆ ಎಂದು ಕೇಳಿದರೆ, ಕತೆ ನಾಲ್ಕನೇ ಬೆಟ್ಟದವರೆಗೆ ಬಂದಿದೆ ಎಂದು ಹೇಳುತ್ತಿದ್ದರು. ಬಂದವರು ಹೆಣ್ಣಿನ ಮಾತು ಬಿಟ್ಟು, ಹೌದೇ, ಹೇಳಿ ಹೇಳಿ, ಎಂದು ಕೂತುಬಿಡುತ್ತಿದ್ದರು.

ಕತೆಯಲ್ಲಿ ಒಬ್ಬ ಹುಡುಗಿ. ಸುಂಟರಗಾಳಿಯ ಕಿವಿ ಹಿಡಿದು ಸವಾರಿ ಮಾಡುತ್ತಾಳೆ. ಏಳು ಬೆಟ್ಟ ದಾಟಿ, ಕಲ್ಲಾಗಿ ನಿಂತ ಅಣ್ಣನನ್ನು ಬಿಡಿಸಿಕೊಂಡು ಬರಬೇಕು. ಏಳನೆಯ ಬೆಟ್ಟದ ಬಾಗಿಲಲ್ಲಿ ಒಂದು ಭೂತ. ಅದೂ ಒಂದು ಒಗಟು ಕೇಳಿತು. ಯಾವ ಒಗಟು ಅನ್ನುತ್ತೀಯೋ, ನಿನ್ನದೇ ಇರಲಿ, ಇನ್ನೊಂದನ್ನು ಎಲ್ಲಿ ಹುಡುಕಲಿ.

ಒಗಟು ಕೇಳಿದ ಹೊತ್ತಿಗೆ ಹರವಿ ಮುಗಿಯಿತು. ತಿಗರಿ ನಿಂತಿತು. ಮರುದಿನ ಊರಿಗೆ ಊರೇ ಅಂಗಳದಲ್ಲಿ ನಿಂತಿತ್ತು.

“ಮಣ್ಣು ಹದವಾಗಿಲ್ಲ” ಅಂದ ಕುಂಬಾರ.

ಮುಂದಿನ ಸಂತೆಯ ದಿನವೂ ಹಾಗೇ ಅಂದ. ಅದರ ಮುಂದಿನ ಸಂತೆಗೂ. ಒಂದೂವರೆ ವರ್ಷವಾಯಿತು. ಅಂಗಳದಲ್ಲಿ ಮಣ್ಣಿನ ಗುಡ್ಡೆ ಹಾಗೇ ಬಿದ್ದಿತ್ತು.

“ಥೇಟ್ ನಮ್ಮ ಲೇಖಕಿಯಮ್ಮನ ಹಾಗೆ” ಅಂದ ಕೆಂಚಪ್ಪ. “ಆಮೇಲೆ?”

ಗುರುಗಳು ಒಂದು ಅವರೆಕಾಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಆಮೇಲೆ... ಆಮೇಲೆ ಆ ಊರಿಗೆ ಒಬ್ಬ ಪೆಟ್ಟಿಗೆಯವ ಬಂದ” ಎಂದು ಮುಂದುವರಿಸಿದರು.

ಅವನ ಹೆಗಲ ಮೇಲೊಂದು ಮರದ ಪೆಟ್ಟಿಗೆ. ಪೆಟ್ಟಿಗೆಗೆ ನಾಲ್ಕು ಕಿಂಡಿ, ಕಿಂಡಿಗೆ ಗಾಜು. ಒಳಗೆ ಉದ್ದನೆಯ ಪಟದ ಸುರುಳಿ. ನಾಲ್ಕು ಜನ ಕಿಂಡಿಗೆ ಕಣ್ಣಿಡಬೇಕು, ಇವನು ಹಿಡಿ ತಿರುಗಿಸುತ್ತ ಹಾಡಬೇಕು, ಪಟಗಳು ಒಂದಾದ ಮೇಲೊಂದು ಓಡಬೇಕು. ಊರಿನವರ ಬಾಯಿಂದ ಅವನು ಕುಂಬಾರನ ಕತೆ ಕೇಳಿದ. ಕೇಳಿದವನಿಗೆ ಊಟ ಸೇರಲಿಲ್ಲ. ಇದನ್ನು ಬರೆಯದಿದ್ದರೆ ನಾನು ಯಾವ ಸೀಮೆಯ ಪಟಗಾರ ಎಂದು ಕೂತು, ಆರು ತಿಂಗಳು ಬಣ್ಣ ಅರೆದು, ಸುಂಟರಗಾಳಿಯಿಂದ ಹಿಡಿದು ಭೂತದವರೆಗೆ ಅಷ್ಟನ್ನೂ ಬರೆದ.

ಸಂತೆಯಲ್ಲಿ ಪೆಟ್ಟಿಗೆ ಇಳಿಸಿದ. ಜನ ಮುಗಿಬಿದ್ದರು.

“ಹುಡುಗಿಯ ಮೂಗು ಹೀಗಿಲ್ಲ” ಅಂದ ಒಬ್ಬ.

“ಮೂಗು ಹೇಗಿದೆ ಅಂತ ಕುಂಬಾರ ಹೇಳೇ ಇಲ್ಲವಂತಲ್ಲ, ಅಣ್ಣ.”

“ಅವನು ಹೇಳಬೇಕೇನಯ್ಯ? ನಾನು ಹನ್ನೊಂದು ಹರವಿ ಮಾಡಿಸಿದ್ದೇನೆ. ನನಗೆ ಗೊತ್ತಿಲ್ಲವೇ ಅವಳ ಮೂಗು?”

ಬೈದವರೆಲ್ಲ ಸುತ್ತಿ ಬಂದು ಎರಡನೆಯ ಸಲವೂ ಕಣ್ಣಿಟ್ಟರು. ಆದರೆ ಭೂತ ಒಗಟು ಕೇಳಿದ ಮೇಲೆ ಸುರುಳಿ ಬರಿ ಬಟ್ಟೆ. ಜನಕ್ಕೆ ಅದು ಸರಿಬರಲಿಲ್ಲ. ಕುಂಬಾರನನ್ನು ಗದರಲು ಆಗದವರೆಲ್ಲ ಇವನನ್ನು ಗದರಿದರು. ಮುಂದಿನ ಸಂತೆಗೆ ಕೊನೆಯ ಪಟ ತೋರಿಸು, ಇಲ್ಲವಾದರೆ ಈ ಊರಲ್ಲಿ ನಿನ್ನ ಕಿಂಡಿಗೆ ಯಾರೂ ಕಣ್ಣಿಡುವುದಿಲ್ಲ ಎಂದರು. ಪೆಟ್ಟಿಗೆಯವನಿಗೆ ಅನ್ನ ಹೋಗುವ ಚಿಂತೆ ಅರ್ಧ. ಭೂತಕ್ಕೆ ಏನು ಹೇಳಲಿ ಎಂದು ಆ ಹುಡುಗಿ ತನ್ನ ಪಟದೊಳಗಿಂದಲೇ ತನ್ನನ್ನು ನೋಡುತ್ತಿದ್ದಾಳಲ್ಲ ಎನ್ನುವುದು ಇನ್ನರ್ಧ.

ಅವನು ಕುಂಬಾರನ ಮನೆಗೆ ಹೋದ. ಕುಂಬಾರ ಜಗಲಿಯ ಮೇಲೆ ಕೂತು ಕಾಲು ಆಡಿಸುತ್ತಿದ್ದ.

“ಮಾವ, ಉತ್ತರ ಏನು? ನನಗೊಬ್ಬನಿಗೆ ಕಿವಿಯಲ್ಲಿ ಹೇಳು.”

“ಮಣ್ಣು ಹದವಾಗಿಲ್ಲಪ್ಪ.”

ಪೆಟ್ಟಿಗೆಯವ ಮಣ್ಣಿನ ಗುಡ್ಡೆಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಕೈಮುಗಿದು ಎದ್ದು ಬಂದ. ಮನೆಗೆ ಬಂದು ಕೊನೆಯ ಪಟ ಬರೆದ.

ಸಂತೆಯ ದಿನ ಮೊದಲ ನಾಲ್ವರು ಕಿಂಡಿಗೆ ಕಣ್ಣಿಟ್ಟರು. ಭೂತ ಒಗಟು ಕೇಳಿತು. ಪಟ ಸರಿಯಿತು. ಅಲ್ಲೊಂದು ಕುಂಬಳಕಾಯಿ. ದಪ್ಪನೆಯದು, ತೊಟ್ಟಿನ ಸಮೇತ. ಹುಡುಗಿ ಕುಂಬಳಕಾಯಿ ಎಂದಳು, ಬಾಗಿಲು ತೆರೆಯಿತು, ಶುಭಂ.

ನಾಲ್ವರೂ ತಲೆ ಎತ್ತಿದರು. ಒಬ್ಬರ ಮುಖ ಒಬ್ಬರು ನೋಡಿದರು. ಸಾಲಿನಲ್ಲಿದ್ದವರು ಕುತ್ತಿಗೆ ಚಾಚಿ ಕೇಳಿದರು, “ಹೇಗಿದೆ?”

“ನೋಡಿ, ನೋಡಿ” ಅಂದರು ಅವರು. “ಬಾಯಲ್ಲಿ ಹೇಳುವಂಥದ್ದಲ್ಲ.”

ತಾವು ಮಾತ್ರ ಬೇಸ್ತು ಬಿದ್ದರೆ ಸಾಕೇ? ಎರಡನೆಯ ನಾಲ್ವರೂ ಮೂರನೆಯವರಿಗೆ ಅದನ್ನೇ ಹೇಳಿದರು. ಹೀಗೆ ಊರಿಗೆ ಊರೇ ಕುಂಬಳಕಾಯಿ ನೋಡಿತು. ಕೊನೆಯ ನಾಲ್ವರಲ್ಲಿ ಒಬ್ಬ ತಲೆಗೆ ಟವಲು ಸುತ್ತಿ ಮುಖ ಮುಚ್ಚಿಕೊಂಡಿದ್ದ. ಅವನೂ ನೋಡಿದ. ಅದಾದ ಮೇಲೆ ಬೇಸ್ತು ಬೀಳಿಸಲು ಯಾರೂ ಉಳಿಯಲಿಲ್ಲವಾದ್ದರಿಂದ ಗಲಾಟೆ ಶುರುವಾಯಿತು.

“ಕುಂಬಳಕಾಯಿಯಂತೆ. ಅದು ಮೋಡ ಕಣಯ್ಯ.”

“ಮೋಡ ಕರೆದರೆ ಓಡುತ್ತದೇನು? ಅದು ಹೊಳೆ.”

“ಹೊಳೆಗೆ ನೆರಳೆಲ್ಲಿದೆ? ಸುಮ್ಮನಿರು, ಕಂಡಿದ್ದೀನಿ. ಅದು ಬಸವನಹುಳು.”

“ನಮ್ಮ ಅತ್ತೆ” ಅಂದಳು ಹಿಂದೆ ನಿಂತಿದ್ದ ಒಬ್ಬಾಕೆ, ಮೆಲ್ಲಗೆ.

ಎರಡು ವರ್ಷ ತುಟಿ ಹೊಲಿದುಕೊಂಡಿದ್ದವರೆಲ್ಲ ಆವತ್ತು ತಮ್ಮ ತಮ್ಮ ಉತ್ತರ ಕಕ್ಕಿದರು. ಪೆಟ್ಟಿಗೆಯವನ ಅಂಗಿ ಹಿಡಿಯುವುದೊಂದು ಬಾಕಿ. ಅದನ್ನು ಟವಲಿನವನು ಹಿಡಿದ. ಹಿಡಿದ ಭರಕ್ಕೆ ಟವಲು ಜಾರಿತು. ನೋಡಿದರೆ ಕುಂಬಾರ.

“ನನ್ನ ಕತೆಗೆ ಕುಂಬಳಕಾಯಿ ಇಡಲು ಯಾರು ಹೇಳಿದರು ನಿನಗೆ? ಎಲ್ಲಿ ಸಿಕ್ಕಿತು ನಿನಗೆ ಇದು?”

“ನಿನ್ನ ಮಣ್ಣಿನ ಗುಡ್ಡೆಯ ಮೇಲೇ ಇತ್ತು, ಮಾವ” ಅಂದ ಪೆಟ್ಟಿಗೆಯವ. “ಬಳ್ಳಿ ಹಬ್ಬಿ, ಹೂ ಬಿಟ್ಟು, ಕಾಯಿ ಹಿಡಿದು ಮಲಗಿದೆ. ಅಲ್ಲಿ ಬೆಳೆದದ್ದು ಅದೊಂದೇ. ಬೆಳೆದದ್ದನ್ನು ಬರೆದೆ.”

ಕುಂಬಾರನ ಕೈ ಸಡಿಲಿತು. ಕಿವಿ ಕೆಂಪಾಯಿತು. ತಿರುಗಿ ನಡೆದ. ಊರು ಹಿಂದೆಯೇ ನಡೆಯಿತು.

ಕೆಂಚಪ್ಪ ಈ ಹೊತ್ತಿಗೆ ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಹಾಕುತ್ತಿದ್ದ. ಗುರುಗಳು ಕಂಡೂ ಕಾಣದಂತೆ ಇದ್ದರು.

ಕುಂಬಾರ ಬಳ್ಳಿ ಕಿತ್ತ. ಮಣ್ಣಿಗೆ ನೀರು ಹೊಯ್ದ, ತುಳಿದ, ತಿಗರಿಗೆ ಬಡಿದ. ಇಂಥದ್ದೇ ಮಾಡು ಎಂದು ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ತಿಗರಿ ತಿರುಗಿತು. ಎರಡು ವರ್ಷ ಅವನು ಹೆದರಿದ್ದ. ಅಷ್ಟು ಗಡಿಗೆ ಮಾಡಿಸಿ ಕಾದ ಜನಕ್ಕೆ ಯಾವ ಉತ್ತರ ಕೊಟ್ಟರೂ ಇಷ್ಟೇನಾ ಅಂದಾರು ಎಂದು ಹೆದರಿದ್ದ. ಈಗ ಹೆದರಿಕೆಗೆ ಜಾಗವಿರಲಿಲ್ಲ. ಇನ್ನು ಏನು ಹೇಳಿದರೂ ಕುಂಬಳಕಾಯಿಗಿಂತ ಮೇಲೆಯೇ.

ಹರವಿಯ ಬಾಯಿ ಮುಗಿಯುವ ಹೊತ್ತಿಗೆ ಉತ್ತರ ಹೇಳಿದ. ಕೇಳಿದವರಲ್ಲಿ ಕೆಲವರು ಅತ್ತರು, ಕೆಲವರು ನಕ್ಕರು. ಅತ್ತೆ ಅಂದಿದ್ದಾಕೆ ಮಾತ್ರ, ನನ್ನದೇ ಸರಿಯಿತ್ತು ಅಂದಳು. ಪೆಟ್ಟಿಗೆಯವ ಅಲ್ಲೇ ಕೂತು ಹೊಸ ಪಟ ಬರೆದ. ಹಳೆಯದನ್ನು ಹರಿಯಲು ಹೋದರೆ ಮಕ್ಕಳು ಬಿಡಲಿಲ್ಲ, ಅದೂ ಇರಲಿ ಅಂದರು. ಮುಂದಿನ ಸಂತೆಗೆ ಎಲ್ಲರಿಗಿಂತ ಮೊದಲು ಬಂದು ಕಿಂಡಿಗೆ ಕಣ್ಣಿಟ್ಟವನು ಕುಂಬಾರ. ನನ್ನದು ಆಮೇಲೆ ತೋರಿಸು, ಮೊದಲು ಕುಂಬಳಕಾಯಿ ಬರಲಿ ಅಂದನಂತೆ.

ಗುರುಗಳು ಕತೆ ನಿಲ್ಲಿಸಿದರು. ಕೆಂಚಪ್ಪ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ ಮುಂದಕ್ಕೆ ಸರಿದ.

“ಸರಿ, ಬುದ್ಧಿ. ಕುಂಬಾರ ಹೇಳಿದ ಉತ್ತರ ಯಾವುದು? ಅದೊಂದು ಹೇಳಿಬಿಡಿ. ಹಾಗೇ ಬರೆದು ಕೊಡುತ್ತೇನೆ, ಮನೆಗೆ ಹೋಗಿ ಮಗಳ ಪಕ್ಕದಲ್ಲಿ ಕೂತು ಊಟ ಮಾಡುತ್ತೇನೆ.”

ಗುರುಗಳು ಸಿಪ್ಪೆಯ ರಾಶಿಯಿಂದ ಕಾಳುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದರು.

“ನಾನು ಕೇಳಿದ್ದ ಕತೆ ಕುಂಬಾರ ‘ಮಣ್ಣು ಹದವಾಗಿಲ್ಲ’ ಅಂದಲ್ಲಿಗೇ ನಿಂತಿತ್ತು, ಕೆಂಚಪ್ಪ, ಅಲ್ಲಿಂದ ಮುಂದಿನದೆಲ್ಲ, ನೀನು ಕುಂಬಳಕಾಯಿ ಅಂದೆಯಲ್ಲ, ಅದನ್ನಿಟ್ಟುಕೊಂಡು ನಾನೇ ಕಟ್ಟಿದ್ದು.”