ಇಪ್ಪತ್ತಕ್ಕೊಂದು ಬೆಟ್ಟ

"ಗುರುಗಳೇ, ಏಳು ತಲೆಮಾರಿನ ಹೆಸರು ಕಲೆಹಾಕಿದ್ದೇನೆ. ಆಳುಕಾಳುಗಳನ್ನು ಬಿಟ್ಟರೆ ಎಲ್ಲರೂ ಬಂದರು. ನಮ್ಮ ಮನೆತನದ ಚರಿತ್ರೆಗೆ ಇಷ್ಟು ಸಾಕಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಕಸೂತಿ ಹಾಕುವ ಒಬ್ಬ ಹೆಂಗಸಿದ್ದಳು. ಅವಳ ಮನೆಯಲ್ಲಿ ಒಂದು ಹಳೆಯ ಫೋಟೊ ಇತ್ತು. ಅಜ್ಜ ಅಜ್ಜಿ ಬೆಟ್ಟದ ಯಾತ್ರೆಗೆ ಹೋದಾಗ ತೆಗೆಸಿದ್ದು. ಅಜ್ಜ ಎರಡೂ ಕೈ ಕೋಲಿನ ಮೇಲಿಟ್ಟು ನಿಂತಿದ್ದ. ಪಕ್ಕದಲ್ಲಿ ಅಜ್ಜಿ. ಅಂಚಿನಲ್ಲಿ ಒಬ್ಬ ಹೊರೆಯಾಳು, ಅವನ ಹೆಗಲ ಮೇಲೆ ನಾಲ್ಕು ವರ್ಷದ ಮಗು. ಆ ಮಗು ಈ ಹೆಂಗಸಿನ ತಾಯಿ. ತಾಯಿ ತೀರಿಕೊಂಡು ವರ್ಷವಾಗಿತ್ತು. ಫೋಟೊ ಮಾಸುತ್ತಿತ್ತು. ಪೂರ್ತಿ ಅಳಿಯುವ ಮೊದಲು ಅದನ್ನು ಬಟ್ಟೆಯ ಮೇಲೆ ಉಳಿಸಿಕೊಳ್ಳಲು ಅವಳು ಸೂಜಿ ಹಿಡಿದು ಕುಳಿತಳು.

ಅಣ್ಣ ಬಂದು ನೋಡಿದ.

"ಹೊರೆಯಾಳನ್ನು ಬಿಡು ತಂಗಿ. ಇದು ಪಡಸಾಲೆಯಲ್ಲಿ ಹಾಕುವಂಥದ್ದು. ಇವನು ನಿಮಗೇನಾಗಬೇಕು ಎಂದು ಬಂದವರು ಕೇಳಿದರೆ?"

"ಅವ್ವನನ್ನು ಎಲ್ಲಿ ಕೂರಿಸಲಿ ಅಣ್ಣಾ?"

"ಅಜ್ಜನ ತೋಳಲ್ಲಿ ಕೂರಿಸು. ನಿನ್ನ ದಾರವೇನು ಜಗಳಕ್ಕೆ ಬರುತ್ತದೆಯೇ?"

ಅವಳು ಅಣ್ಣನ ಮಾತು ಮೀರಿದವಳಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೊಲಿಗೆ ಹಾಕತೊಡಗಿದಳು. ಹತ್ತೊಂಬತ್ತು, ಇಪ್ಪತ್ತು, ಒಂದು ಬೆಟ್ಟ. ಮತ್ತೆ ಒಂದು, ಎರಡು.

ತಾಯಿ ಕಲಿಸಿದ ಎಣಿಕೆ ಅದು. ತಾಯಿಗೆ ಕಲಿಸಿದವನು ಆ ಹೊರೆಯಾಳು. ಅವನಿಗೆ ಇಪ್ಪತ್ತರ ಮುಂದೆ ಬರುತ್ತಿರಲಿಲ್ಲ. ಇಪ್ಪತ್ತು ಮೆಟ್ಟಿಲಾದರೆ "ಒಂದು ಬೆಟ್ಟ ಆಯಿತು ನೋಡವ್ವಾ" ಎಂದು ಹೆಗಲ ಮೇಲಿನ ಮಗುವನ್ನು ನಗಿಸಿ, ಮತ್ತೆ ಒಂದರಿಂದ ಶುರುಮಾಡುತ್ತಿದ್ದ. ಅವನ ರುಮಾಲನ್ನು ಬಿಗಿಯಾಗಿ ಹಿಡಿದು ಕೂತದ್ದನ್ನು, ಅದರ ಬೆವರಿನ ಮತ್ತು ಹೊಗೆಸೊಪ್ಪಿನ ವಾಸನೆಯನ್ನು ತಾಯಿ ಮುದುಕಿಯಾದ ಮೇಲೂ ನೆನೆಯುತ್ತಿದ್ದಳು. ಅಜ್ಜನ ಬಗ್ಗೆ ಅವಳಿಗೆ ನೆನಪಿದ್ದದ್ದು, ಮುಟ್ಟಿದರೆ ಅಂಗಿ ಕೊಳೆಯಾಗುತ್ತದೆ ಎಂದು ಗದರಿದ್ದು ಮಾತ್ರ.

ಸೂಜಿ ನಿಂತಿತು. ಅಜ್ಜನ ತೋಳಲ್ಲಿ ಅವ್ವ ಅರ್ಧ ಮೂಡಿದ್ದಳು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಅವಳು ದಾರ ಎಳೆದಳು. ಸುಳ್ಳು ಸಲೀಸಾಗಿ ಬಿಚ್ಚಿಕೊಂಡಿತು. ಮೊದಲು ಹೊರೆಯಾಳಿನ ಪಾದ ಹಾಕಿದಳು. ಆಮೇಲೆ ಹೆಗಲು, ರುಮಾಲು. ಅವನು ಪೂರ್ತಿಯಾದ ಮೇಲೆಯೇ ಅವ್ವನನ್ನು ಕೂರಿಸಿದಳು.

ಅಣ್ಣ ಅದನ್ನು ಪಡಸಾಲೆಗೆ ಸೇರಿಸಲಿಲ್ಲ. ಅವಳು ತನ್ನ ಅಡುಗೆಮನೆಯ ಗೋಡೆಗೆ ಹಾಕಿಕೊಂಡಳು. ಇವನು ನಿಮಗೇನಾಗಬೇಕು ಎಂದು ಬಂದವರು ಕೇಳಿಯೇ ಕೇಳಿದರು. "ನಮ್ಮವ್ವನನ್ನು ಹೊತ್ತವನು" ಎಂದಳು. ಹೆಸರು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಆ ನಾಚಿಕೆ ಅವಳನ್ನು ಸಾಯುವವರೆಗೂ ಬಿಡಲಿಲ್ಲ.

ಅಜ್ಜ ಮಗಳನ್ನು ಕರೆದುಕೊಂಡು ಬೆಟ್ಟ ಹತ್ತಿದ ಎಂದು ಆ ಮನೆಯವರು ಈಗಲೂ ಹೇಳಿಕೊಳ್ಳುತ್ತಾರೆ. ಹೊತ್ತವನಿಗೆ ಅವರ ಬಾಯಲ್ಲೂ ಜಾಗವಿಲ್ಲ.

ಗುರು ಶಿಷ್ಯನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು.

"ನಿನ್ನನ್ನು ಎತ್ತಿ ಆಡಿಸಿದ ಆಳುಮಗಳ ಹೆಸರೇನು?"