ನಳಿಗೆಯಲ್ಲಿ ಒಣಗಿದ ಹೂವು

"ಗುರುಗಳೇ, ಹಿರಿಯರು ಬಿಟ್ಟುಹೋದದ್ದನ್ನು ಗೌರವದಿಂದ ಕಾಪಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಗೌರವ ಸ್ವಲ್ಪ ಹೆಚ್ಚಾಗಿಹೋದವನೊಬ್ಬನ ಕತೆ ಹೇಳುತ್ತೇನೆ, ಕೇಳು" ಎಂದರು.

ಕೊಡಗಿನಲ್ಲಿ ಒಬ್ಬ ರೈತನಿದ್ದ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ ಬಂದ ಜೋಡುನಳಿಗೆಯ ಕೋವಿಯೊಂದು ಅವನ ಮನೆಯಲ್ಲಿತ್ತು. ಆ ಸೀಮೆಯಲ್ಲಿ ಕೋವಿಯೆಂದರೆ ಬೇಟೆಯ ಸಾಮಾನು ಮಾತ್ರವಲ್ಲ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಒಂದರ ಹಿಂದೊಂದು ಎರಡು. ಸದ್ದು ಕೇಳಿದ ನೆರೆಹೊರೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ.

ಆಯುಧಗಳ ಹಬ್ಬದ ದಿನ ಕೋವಿಗಳನ್ನು ದೇವರ ಮುಂದಿಟ್ಟು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ಹೂವು ಸಿಕ್ಕಿಸುವುದು ಅಲ್ಲಿನ ಪದ್ಧತಿ. ಪೂಜೆ ಮುಗಿದ ಮೇಲೆ ಎಲ್ಲರೂ ಹೂವು ತೆಗೆದು, ಕೋವಿ ಒರೆಸಿ, ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನಮ್ಮ ರೈತ ಮಾತ್ರ ಹೂವು ತೆಗೆಯಲಿಲ್ಲ. ಅಪ್ಪ ಹಿಡಿದ ಕೋವಿಯನ್ನು ತಾನು ಆಟಕ್ಕೆ ಹಿಡಿಯುವುದೇ ಎಂದುಕೊಂಡು ಹಾಗೆಯೇ ಗೋಡೆಗೆ ತೂಗುಹಾಕಿದ. ಮರುವರ್ಷ ಹಳೆಯ ಹೂವಿನ ಮೇಲೆ ಹೊಸ ಹೂವು, ಹಳೆಯ ಗಂಧದ ಮೇಲೆ ಹೊಸ ಗಂಧ. ಮಗನೆಂದರೆ ಹೀಗಿರಬೇಕು ಎಂದು ಊರವರು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಅವನೂ ಉಬ್ಬಿದ. ಅಪ್ಪ ತೀರಿಕೊಂಡ ಮೇಲಿನ ಅಷ್ಟೂ ವರ್ಷ ಆ ಮನೆಯಲ್ಲಿ ಗಂಡು ಮಗು ಹುಟ್ಟಲಿಲ್ಲ, ಯಾರೂ ಸಾಯಲೂ ಇಲ್ಲ. ಹಾಗಾಗಿ ಕೋವಿಗೆ ಕೆಲಸ ಬೀಳಲಿಲ್ಲ.

ಅವನ ಕೂದಲು ನರೆಯಿತು. ಅವನ ತಾಯಿ ಹಾಸಿಗೆ ಹಿಡಿದಳು. ತಾನು ಹೋದ ದಿನ ಬೇರೆಯವರ ಕೋವಿ ತರಬಾರದು, ಗಂಡನ ಕೋವಿಯೇ ಊರಿಗೆ ಸುದ್ದಿ ಹೇಳಬೇಕು ಎಂದು ಅವಳು ಆಸೆಪಟ್ಟಳು.

ಅವನು ಕೋವಿ ಇಳಿಸಿದ. ಗುಂಡು ಹಾರಿಸುವ ಕುದುರೆಕೀಲನ್ನು ಎಳೆದರೆ ಅಲುಗಲಿಲ್ಲ. ಎರಡೂ ನಳಿಗೆಗಳಲ್ಲಿ ಒಣಗಿದ ಹೂವು, ತುಕ್ಕು. ಒಂದು ವರ್ಷವೂ ಪೂಜೆ ತಪ್ಪಿಸದವನು ಪೂಜೆಯಿಂದಲೇ ಅದನ್ನು ಹಾಳುಮಾಡಿದ್ದ. ತಾಯಿಯ ಉಸಿರು ನಿಲ್ಲುವುದರೊಳಗೆ ಇದು ಸರಿಹೋದೀತೇ ಎಂಬ ಹೆದರಿಕೆಯಿಂದ ಕೋವಿ ರಿಪೇರಿಯವನ ಅಂಗಡಿಗೆ ಓಡಿದ.

ರಿಪೇರಿಯವನು ಸ್ಪ್ರಿಂಗು ಬದಲಿಸಿ, ನಳಿಗೆ ಗಟ್ಟಿಯಿದೆಯೇ ಎಂದು ನೋಡಿ, ಉಜ್ಜುವ ಕೆಲಸವನ್ನು ಅವನಿಗೇ ಬಿಟ್ಟ. ರೈತ ಸಲಾಕೆಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ನಳಿಗೆಯೊಳಗೆ ಎಳೆದಾಡಿದ. ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬೇಟೆಯಿಂದ ಬಂದ ಅಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತು, ಇದೇ ಕೋವಿಯನ್ನು ಹೀಗೆಯೇ ಉಜ್ಜುತ್ತ ಏನನ್ನೋ ಗುನುಗುತ್ತಿದ್ದದ್ದು ನೆನಪಾಯಿತು. ಇಷ್ಟು ವರ್ಷಗಳ ಗಂಧದ ವಾಸನೆಯಲ್ಲಿ ಅಪ್ಪ ಒಮ್ಮೆಯೂ ಇಷ್ಟು ಹತ್ತಿರ ಬಂದಿರಲಿಲ್ಲ. ಅವನು ಅಲ್ಲೇ ಕೂತು ಅತ್ತುಬಿಟ್ಟ.

ಸರಿಹೋದ ಕೋವಿಯನ್ನು ತಂದು ತಾಯಿಗೆ ತೋರಿಸಿದ. ಅವಳು ಅದರ ಹಿಡಿಯನ್ನು ಸವರಿದಳು.

"ನಾನು ಹೋದ ಮೇಲೆ ಹಾರಿಸಿದರೆ ಊರಿಗೆಲ್ಲ ಕೇಳಿಸುತ್ತೆ, ನನಗೊಬ್ಬಳಿಗೆ ಕೇಳಿಸಲ್ಲ. ನೀನು ಹುಟ್ಟಿದ ದಿನ ನಿನ್ನಪ್ಪ ಅಂಗಿ ತಿರುಗುಮುರುಗು ಹಾಕಿಕೊಂಡೇ ಅಂಗಳಕ್ಕೆ ಓಡಿದ್ದರು. ನಾನು ಒಳಗೆ ಮಲಗಿ ಆ ಸದ್ದು ಕೇಳಿದ್ದೆ. ಇನ್ನೊಂದು ಸಲ ಕೇಳಬೇಕು ಮಗಾ."

"ಮಗು ಹುಟ್ಟದೆ ಹಾರಿಸಿದರೆ ಊರವರು ನಗ್ತಾರೆ, ಅವ್ವಾ."

"ನಗಲಿ ಬಿಡು."

ಅವನು ಅಂಗಳಕ್ಕೆ ಹೋಗಿ ಆಕಾಶದತ್ತ ಒಂದು ಗುಂಡು ಹಾರಿಸಿದ. ನೆರೆಯವರು ಓಡಿ ಬಂದರು. ಯಾರಿಗೆ ಹೆರಿಗೆಯಾಯಿತು, ಮಗು ಎಲ್ಲಿ ಎಂದು ಕೇಳಿದರು. ತಾಯಿ ಮಲಗಿದಲ್ಲಿಂದಲೇ ನರೆಗೂದಲ ಮಗನತ್ತ ಕೈ ತೋರಿಸಿ, "ಅಗೋ, ಅಲ್ಲಿ ನಿಂತಿದೆ ನೋಡಿ" ಎಂದು ನಕ್ಕಳು. ಬಂದವರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು.

"ಆ ತಾಯಿ ತೀರಿಕೊಂಡಾಗ ಎರಡು ಗುಂಡು ಹಾರಿದವೇ?" ಎಂದು ಶಿಷ್ಯ ಕೇಳಿದ.

"ಎರಡೂ ಹಾರಿದವು, ಆಕೆಗೆ ಕೇಳಿಸಿದ್ದು ಮಾತ್ರ ಅದಕ್ಕೆ ಮೊದಲಿನ ಒಂದು."